ಇನ್ನೂರ ಹದಿನಾಲ್ಕನೇ ಪುಟದ ಸಕ್ಕರೆ

ಬರೀ ಕಾಲು ಕಿಲೋ! ಒಬ್ಬ ಸಂಸಾರಸ್ಥ ತನ್ನ ಸ್ವಂತ ಮನೆಯ ಡಬ್ಬಿಯಿಂದ, ಸ್ವಂತ ಕೈಯಾರೆ, ಕಾಲು ಕಿಲೋ ಸಕ್ಕರೆ ತೆಗೆದರೆ ಅದಕ್ಕೆ ಇಷ್ಟೊಂದು ರಂಪ ಆಗಬೇಕಾ? ಬೀದಿಯವರು ಬಂದರು, ಪುರಸಭೆಯವರು ಬಂದರು, ಎದುರುಮನೆ ಹಲ್ಲಿನ ಡಾಕ್ಟರು ಬಂದರು. ಕೊನೆಗೆ ಬೆಕ್ಕು ಕೂಡ ಈ ವಿಷಯದಲ್ಲಿ ಕಾಲಿಟ್ಟಿತು. ಇಷ್ಟೆಲ್ಲ ಆದ ಮೇಲೂ ತಪ್ಪು ನನ್ನದೊಬ್ಬನದೇ ಅನ್ನುತ್ತಾರಲ್ಲ, ಅದಕ್ಕೆ ನನಗೆ ಮೈ ಉರಿಯುವುದು.

ನಾನು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಹನ್ನೊಂದು ವರ್ಷದಿಂದ ನಾವು ಒಂದು ದೊಡ್ಡ ವಿಶ್ವಕೋಶ ಅಚ್ಚು ಹಾಕುತ್ತಿದ್ದೇವೆ. ಕೆಲಸ ಬೇಗ ಸಾಗಲಿ ಅಂತ ಯಜಮಾನರು ಒಂದು ಏರ್ಪಾಡು ಮಾಡಿದ್ದಾರೆ. ಸಮ ಸಂಖ್ಯೆಯ ಪುಟಗಳೆಲ್ಲ ನನಗೆ. ಬೆಸ ಸಂಖ್ಯೆಯ ಪುಟಗಳೆಲ್ಲ ಎದುರು ಮೇಜಿನ ಬೋಳುತಲೆಯವನಿಗೆ. ಹೀಗಾಗಿ ಪ್ರಪಂಚದಲ್ಲಿ ಎಷ್ಟು ಜ್ಞಾನ ಇದೆಯೋ ಅದರಲ್ಲಿ ಸರಿಯಾಗಿ ಅರ್ಧ ನನಗೆ ಗೊತ್ತು. ತಿಮಿಂಗಿಲದ ಬಾಲ ನನಗೆ ಗೊತ್ತು, ತಲೆ ಅವನ ಪುಟದಲ್ಲಿದೆ. ಎಷ್ಟೋ ಯುದ್ಧಗಳು ಯಾಕೆ ಶುರುವಾದವು ಅಂತ ನಾನು ಹೇಳಬಲ್ಲೆ, ಗೆದ್ದವರು ಯಾರು ಅಂತ ಅವನನ್ನೇ ಕೇಳಬೇಕು. ಕೇಳೋಣ ಅಂದರೆ ನಮಗಿಬ್ಬರಿಗೂ ಮಾತಿಲ್ಲ. ಫ್ಯಾನು ಯಾರ ಕಡೆ ತಿರುಗಿರಬೇಕು ಅನ್ನುವ ವಿಷಯಕ್ಕೆ ನಾಲ್ಕು ವರ್ಷದ ಹಿಂದೆ ನಿಂತುಹೋಗಿದೆ.

ಈ ಏರ್ಪಾಡಿನ ಬಗ್ಗೆ ನಮ್ಮ ಅತ್ತೆ ಒಮ್ಮೆ ನೆಂಟರ ಮುಂದೆ, "ನಮ್ಮ ಅಳಿಯಂದಿರು ಒಂದು ಪುಟ ಬಿಟ್ಟು ಒಂದು ಪುಟ ಬುದ್ಧಿವಂತರು" ಅಂದಿದ್ದರು. ಹೆಂಡತಿಯ ತಾಯಿ, ಜೊತೆಗೆ ನಮ್ಮ ಮನೆಯಲ್ಲೇ ಇರುವವರು. ಏನು ಹೇಳೋದು? ಮೂವತ್ತು ವರ್ಷ ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ ಹೆಂಗಸು. ಕಬ್ಬಿನ ಹಾಲನ್ನು ಗಾಜಿನ ಕೊಳವೆಗೆ ತುಂಬಿ, ಅದರೊಳಗೆ ಬೆಳಕು ಎಷ್ಟು ತಿರುಗಿತು ಅಂತ ನೋಡಿ, ಇದರಲ್ಲಿ ಇಷ್ಟು ಸಕ್ಕರೆ ಇದೆ ಅನ್ನುತ್ತಿದ್ದರಂತೆ. ಮನುಷ್ಯರನ್ನೂ ಹಾಗೇ ನೋಡುತ್ತಾರೆ. ನನ್ನನ್ನು ನೋಡಿ ಎಷ್ಟು ಅಂತ ಬರೆದುಕೊಂಡರೋ, ಇವತ್ತಿಗೂ ಹೇಳಿಲ್ಲ.

ಈ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಶನಿವಾರ ಗಾಲಿಕುರ್ಚಿಯಲ್ಲಿ ಮನೆಗೆ ಕಳಿಸುತ್ತೇವೆ ಅಂತ ಆಸ್ಪತ್ರೆಯವರು ಹೇಳಿದರು. ನಮ್ಮ ಮನೆಗೋ ಬೀದಿಯಿಂದ ನಾಲ್ಕು ಮೆಟ್ಟಿಲು.

"ಮೆಟ್ಟಿಲ ಮೇಲೆ ಒಂದು ಇಳಿಜಾರು ಹಾಕಿಸಿ," ಅಂದಳು ಹೆಂಡತಿ. "ನಾನು ಆಸ್ಪತ್ರೆಯಲ್ಲಿ ಅಮ್ಮನ ಹತ್ತಿರ ಇರ್ತೀನಿ. ನಿಮಗೆ ಇದೊಂದೇ ಕೆಲಸ. ಮೇಸ್ತ್ರಿಗೆ ನಾನೇ ಹೇಳಿದ್ದೀನಿ. ಅವನು ಮಾಡ್ತಾನೆ, ನೀವು ನೋಡ್ತಾ ನಿಂತಿರಿ. ಏನೂ ಮಾಡಬೇಡಿ."

ಏನೂ ಮಾಡಬೇಡಿ ಅಂತೆ! ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಗಂಡನಿಗೆ ಹೇಳುವ ಮಾತಾ ಇದು?

ಸೋಮವಾರ ಬೆಳಿಗ್ಗೆ ಮೇಸ್ತ್ರಿ ಬಂದ. ಮಿತಭಾಷಿ, ಮೂಗಿನ ತುದಿಯಲ್ಲಿ ಯಾವಾಗಲೂ ಸಿಮೆಂಟಿನ ಚುಕ್ಕೆ. ನಮ್ಮ ಬೀದಿಯ ಅರ್ಧ ಗೋಡೆಗಳು ಅವನು ಕಟ್ಟಿದವೇ. ಮೂರು ಚೀಲ ಸಿಮೆಂಟು ಇಳಿಸಿದ, ಮರಳು ಜರಡಿ ಹಿಡಿದ, ಡ್ರಮ್ಮಿಗೆ ನೀರು ತುಂಬಿದ. ನನಗೆ ಆಗಲೇ ತಲೆಯೊಳಗೆ ಇನ್ನೂರ ಹದಿನಾಲ್ಕನೇ ಪುಟ ಕುಣಿಯುತ್ತಿತ್ತು. ಹಿಂದಿನ ವಾರವಷ್ಟೇ 'ಸಕ್ಕರೆ' ಅನ್ನುವ ಲೇಖನದ ಆ ಪುಟ ತಿದ್ದಿದ್ದೆ.

"ಮೇಸ್ತ್ರೀ, ಸಕ್ಕರೆ ಅಂದರೆ ಏನು ಗೊತ್ತಾ?" ಅಂದೆ.

"ಚಹಾಕ್ಕೆ ಹಾಕೋದು," ಅಂದ.

"ಅದು ಸಾಮಾನ್ಯ ಜನ ಹೇಳೋದು. ಒಂದು ಗ್ಲೂಕೋಸು, ಒಂದು ಫ್ರಕ್ಟೋಸು, ಇಬ್ಬರೂ ಕೈಕೈ ಹಿಡಿದು ನಿಂತರೆ ಸಕ್ಕರೆ. ಹನ್ನೆರಡು ಇಂಗಾಲ, ಇಪ್ಪತ್ತೆರಡು ಜಲಜನಕ, ಹನ್ನೊಂದು ಆಮ್ಲಜನಕ. ಎಲ್ಲ ಗಿಡಗಳೂ ಬಿಸಿಲಲ್ಲಿ ಕೂತು ಇದನ್ನೇ ಮಾಡೋದು. ಹಿಂದಿನವರು ಕೋಟೆ ಕಟ್ಟುವಾಗ ಸುಣ್ಣದ ಗಾರೆಗೆ ಸಕ್ಕರೆ ಪಾಕ ಸುರೀತಿದ್ದರು. ಗಾರೆ ಕಲ್ಲಾಗ್ತಿತ್ತು, ಕಲ್ಲು!"

"ಸ್ವಾಮೀ, ಸ್ವಲ್ಪ ಆ ಕಡೆ ನಿಲ್ಲಿ. ಮರಳು ತುಳೀತಿದ್ದೀರಿ."

ನನಗೆ ಅವಮಾನವಾಯಿತು. ವಿಜ್ಞಾನ ಮನೆ ಬಾಗಿಲಿಗೆ ಬಂದು ನಿಂತಾಗ ಮರಳು ತುಳೀತಿದ್ದೀರಿ ಅನ್ನುವ ಜನ! ಅಳತೆಪಟ್ಟಿ ಮರೆತೆ ಅಂತ ಮೇಸ್ತ್ರಿ ಮನೆಗೆ ಹೋದದ್ದೇ ತಡ, ನಾನು ಅಡುಗೆಮನೆಗೆ ನುಗ್ಗಿದೆ. ಡಬ್ಬಿಯಲ್ಲಿದ್ದದ್ದನ್ನು ತಕ್ಕಡಿಗೆ ಹಾಕಿದರೆ ಸರಿಯಾಗಿ ಕಾಲು ಕಿಲೋ. ಹಾಲಿನ ಪಾತ್ರೆಯಲ್ಲಿ ಪಾಕ ಮಾಡಿ, ಡ್ರಮ್ಮಿನ ನೀರಿಗೆ ಸುರಿದು, ಕೋಲಿನಿಂದ ಕಲಕಿ, ಪಾತ್ರೆಯನ್ನು ಡ್ರಮ್ಮಿನ ಹಿಂದೆ ತಳ್ಳಿ, ಏನೂ ಗೊತ್ತಿಲ್ಲದವನ ಹಾಗೆ ಆಕಾಶ ನೋಡುತ್ತ ನಿಂತೆ. ಅತ್ತೆ ಬಂದು, "ಇಷ್ಟು ಗಟ್ಟಿ ಇಳಿಜಾರು ಯಾರು ಹಾಕಿಸಿದ್ದು?" ಅಂತ ಕೇಳುವುದು, ನಾನು ವಿನಯದಿಂದ ತಲೆ ಬಗ್ಗಿಸುವುದು, ಎಲ್ಲ ಮನಸ್ಸಿನಲ್ಲೇ ಒಂದು ಸಲ ಆಡಿ ಮುಗಿಸಿದೆ.

ಸಂಜೆಯ ಹೊತ್ತಿಗೆ ಇಳಿಜಾರು ಸಿದ್ಧವಾಯಿತು. ನೋಡಲು ಚಂದವೋ ಚಂದ. ಮೇಸ್ತ್ರಿ ಒದ್ದೆ ಗೋಣಿ ಹೊದಿಸಿ, "ಬೆಳಿಗ್ಗೆ ಮೇಲೆ ನಡೀಬಹುದು" ಅಂದು ಹೋದ.

ಬೆಳಿಗ್ಗೆ ಗೋಣಿ ಎತ್ತಿ ಬೆರಳು ಇಟ್ಟೆ. ಬೆರಳು ಒಳಗೆ ಹೋಯಿತು.

ಮೇಸ್ತ್ರಿ ಬಂದು ತಾನೂ ಬೆರಳಿಟ್ಟ. ಅವನ ಮುಖ ಬಿಳಿಚಿಕೊಂಡಿತು. "ಒಂದು ದಿನ ನೋಡೋಣ," ಅಂದ. ಬುಧವಾರವೂ ಬೆರಳು ಒಳಗೆ ಹೋಯಿತು. ಅಷ್ಟರಲ್ಲಿ ಬೀದಿಗೆಲ್ಲ ಸುದ್ದಿ. ಹಾಲಿನವನು ಬೆರಳಿಟ್ಟು ನೋಡಿದ, ಇಸ್ತ್ರಿಯವನು ಬೆರಳಿಟ್ಟು ನೋಡಿದ, ಪಕ್ಕದ ಮನೆಯ ಅಜ್ಜಿ ಊರುಗೋಲು ಚುಚ್ಚಿ ನೋಡಿದರು. ಯಾರಿಗೂ ಇನ್ನೊಬ್ಬರ ಬೆರಳಿನ ಮೇಲೆ ನಂಬಿಕೆಯಿಲ್ಲ. ಮಧ್ಯಾಹ್ನ ಬೆಕ್ಕು ಮೇಲಿನಿಂದ ಕೆಳಗಿನವರೆಗೆ ಗಂಭೀರವಾಗಿ ನಡೆದು ಹೋಯಿತು. ಕಾವಲು ನಿಂತಿದ್ದ ನಾನು ಅದನ್ನು ಹಿಡಿಯಲು ಹೋಗಿ ಜಾರಿ, ಅಲ್ಲೇ ಧೊಪ್ಪನೆ ಕೂತೆ. ಎಷ್ಟು ಅಗಲದ ಗುರುತು ಬಿತ್ತು ಅನ್ನುವುದು ಬೇಡ.

ಎದುರುಮನೆಯ ಹಲ್ಲಿನ ಡಾಕ್ಟರು ಕ್ಲಿನಿಕ್ಕಿನಿಂದ ಓಡಿ ಬಂದು ನನ್ನನ್ನು ಎಬ್ಬಿಸಿದರು. ಸಕ್ಕರೆ ಅಂದರೆ ಸಿಡಿದೇಳುವ ಮನುಷ್ಯ. ಉಪಚಾರಕ್ಕೆ ಅಂತ ಚಹಾ ಕೊಟ್ಟೆ. ಡಬ್ಬಿ ಖಾಲಿ, ಸಕ್ಕರೆ ಎಲ್ಲಿಂದ ತರಲಿ? ಒಂದು ಗುಟುಕು ಕುಡಿದವರೇ ಕಣ್ಣರಳಿಸಿದರು.

"ಸಕ್ಕರೆ ಬಿಟ್ಟಿರಾ? ಭೇಷ್! ಬಾಯಲ್ಲಿರುವ ಕ್ರಿಮಿಗಳು ಸಕ್ಕರೆ ತಿಂದು ಆಮ್ಲ ಮಾಡ್ತವೆ ಕಣ್ರೀ, ಆಮ್ಲ ಹಲ್ಲನ್ನ ಕರಗಿಸುತ್ತೆ. ನಾನು ಹತ್ತು ವರ್ಷದಿಂದ ಬಡ್ಕೊಂಡೆ, ಕೊನೆಗೂ ಒಬ್ಬರಾದರೂ ಕೇಳಿದಿರಲ್ಲ! ಇನ್ನು ಮೇಲೆ ನಿಮ್ಮ ಮನೆಗೆ ಸಕ್ಕರೆ ಬರಬಾರದು. ಸಕ್ಕರೆ ಎಲ್ಲಿಗೆ ಹೋದರೂ ಅಲ್ಲಿ ಹಾಳು."

ಡಾಕ್ಟರು ಇಳಿಜಾರಿನ ಕಡೆ ತಿರುಗಿ, ಮೂಲೆಯಲ್ಲಿ ನಿಂತಿದ್ದ ಮೇಸ್ತ್ರಿಗೆ, "ಏನಪ್ಪಾ, ನನ್ನ ಕ್ಲಿನಿಕ್ಕಿನ ನೆಲ ನಿನಗೆ ಹೇಳಿದ್ದೆ. ಇದನ್ನ ನೋಡಿದ ಮೇಲೆ ಹೇಗೆ ಕೊಡಲಿ? ರೋಗಿಗಳು ಕುರ್ಚಿ ಸಮೇತ ಮುಳುಗಿದರೆ?" ಅಂದರು. ಸುತ್ತ ನಿಂತಿದ್ದವರು ಹೋ ಅಂತ ನಕ್ಕರು. ಮೇಸ್ತ್ರಿ ನಗಲಿಲ್ಲ.

ಗುರುವಾರ ಪುರಸಭೆಯ ಇಂಜಿನಿಯರು ಬಂದರು. ಯಾರೋ ದೂರು ಕೊಟ್ಟಿದ್ದರು. ಅವರು ಬೆರಳಿಡಲಿಲ್ಲ, ಅಧಿಕಾರಿಯಲ್ಲವೇ, ನೇರ ಬೂಟುಗಾಲಿಟ್ಟರು. ಬೂಟು ಕಣ್ಮರೆಯಾಯಿತು. ಬೂಟು ಎಳೆದುಕೊಳ್ಳುತ್ತಲೇ ಜೊತೆಗೆ ಬಂದಿದ್ದ ಗುಮಾಸ್ತನಿಂದ ಟಿಪ್ಪಣಿ ಬರೆಸಿದರು: "ಮರಳು ಹೆಚ್ಚು, ಸಿಮೆಂಟು ಕಡಿಮೆ. ಕಳಪೆ ಕಾಮಗಾರಿ. ಮೇಸ್ತ್ರಿಯ ಪರವಾನಗಿ ರದ್ದು ಯಾಕೆ ಮಾಡಬಾರದು? ಸೋಮವಾರ ಇದೇ ಸ್ಥಳದಲ್ಲಿ ವಿಚಾರಣೆ, ನಂತರ ಇದನ್ನು ಕಿತ್ತು ಹಾಕತಕ್ಕದ್ದು."

"ಸಾರ್, ಮೂರು ಚೀಲ ಸಿಮೆಂಟು ಹಾಕಿದ್ದೀನಿ, ಈ ಸ್ವಾಮಿ ಕಣ್ಣೆದುರಿಗೇ," ಅಂದ ಮೇಸ್ತ್ರಿ, ನನ್ನನ್ನು ತೋರಿಸಿ.

"ಹೌದು, ಹಾಕಿದ," ಅಂದೆ ನಾನು.

"ಮತ್ತೆ ಯಾಕೆ ಗಟ್ಟಿಯಾಗಿಲ್ಲ?"

ಇದಕ್ಕೆ ಉತ್ತರ ನನಗೂ ಗೊತ್ತಿರಲಿಲ್ಲ, ಸತ್ಯವಾಗಿ! ಸಕ್ಕರೆ ಹಾಕಿದ್ದಕ್ಕೆ ಇನ್ನೂ ಗಟ್ಟಿಯಾಗಬೇಕಿತ್ತು. ಹಾಗಾದರೆ ತಪ್ಪು ಮೇಸ್ತ್ರಿಯದೇ ಇರಬೇಕು ಅಂತ ನನಗೇ ಅವನ ಮೇಲೆ ಸಿಟ್ಟು ಬಂದಿತ್ತು. ಆದರೂ ಆ ಮನುಷ್ಯ ಪರವಾನಗಿ ಪುಸ್ತಕವನ್ನು ಅಂಗಿ ಜೇಬಿನಿಂದ ತೆಗೆದು, ಒರೆಸಿ, ಮತ್ತೆ ಜೇಬಿಗಿಟ್ಟುಕೊಂಡದ್ದನ್ನು ನೋಡಿ ನಾನು ಮುಖ ತಿರುಗಿಸಿಕೊಂಡೆ.

ಶುಕ್ರವಾರ ಕಚೇರಿಯಲ್ಲಿ ಇನ್ನೂರ ಹದಿನಾಲ್ಕನೇ ಪುಟವನ್ನು ಮತ್ತೆ ತೆಗೆದೆ. ಕೊನೆಯ ಸಾಲು ಹೀಗಿತ್ತು: 'ಸುಣ್ಣದ ಗಾರೆಗೆ ಸಕ್ಕರೆ ಸೇರಿಸಿದಲ್ಲಿ ಅದು ಕಲ್ಲಿನಷ್ಟು ಗಟ್ಟಿಯಾಗುತ್ತದೆ. ಆದರೆ'. ಅಷ್ಟೇ. ಪುಟ ಮುಗಿದಿತ್ತು. ಆ 'ಆದರೆ'ಯನ್ನು ನಾನೇ ನೋಡಿ, ಅಕ್ಷರ ಸರಿಯಿದೆ ಅಂತ ಗೀಟು ಹಾಕಿ, ಸಹಿ ಮಾಡಿ ಕಳಿಸಿದ್ದೆ.

ನಾಲ್ಕು ವರ್ಷದ ಹಗೆ ನುಂಗಿಕೊಂಡು ಎದುರು ಮೇಜಿಗೆ ಹೋದೆ. "ಇನ್ನೂರ ಹದಿನೈದು ಕೊಡ್ತೀಯಾ?"

ಬೋಳುತಲೆಯವನು ಕನ್ನಡಕದ ಮೇಲಿನಿಂದ ನೋಡಿದ. "ಫ್ಯಾನು?"

"ನಿನ್ನ ಕಡೆಗೇ ಇರಲಿ."

"ಬೇಸಿಗೆ ಮುಗಿಯೋವರೆಗೆ?"

"ನಾನು ಸಾಯೋವರೆಗೆ! ಓದು ಮಾರಾಯಾ!"

ಅವನು ಗಂಟಲು ಸರಿಮಾಡಿಕೊಂಡು, ಇಡೀ ಕಚೇರಿಗೆ ಕೇಳುವಂತೆ ಓದಿದ: "ಇಂದಿನ ಸಿಮೆಂಟಿನ ವಿಷಯ ಇದಕ್ಕೆ ತೀರ ವಿರುದ್ಧ. ಸಕ್ಕರೆಯು ಸಿಮೆಂಟಿನ ಕಣಗಳಿಗೆ ಅಂಟಿಕೊಂಡು ಅವು ನೀರಿನೊಡನೆ ಕೂಡದಂತೆ ತಡೆಯುತ್ತದೆ. ಒಂದು ಹಿಡಿ ಸಕ್ಕರೆ ಸಾಕು, ಸಿಮೆಂಟು ಗಟ್ಟಿಯಾಗದು." ಆಮೇಲೆ ಮುಖ ಎತ್ತಿ, "ಯಾಕೆ? ಯಾರಾದರೂ ಹಾಕಿದರಾ?" ಅಂದ.

ನಾನು ಬಂದು ನನ್ನ ಮೇಜಿಗೆ ಕೂತೆ. ಹೇಳಿ, ಇದು ನನ್ನ ತಪ್ಪಾ? ಒಂದು ಪುಟವನ್ನು 'ಆದರೆ' ಅಂತ ನಿಲ್ಲಿಸುವವನನ್ನು ಕೇಳುವವರು ಯಾರೂ ಇಲ್ಲವಾ?

ಶನಿವಾರ ಆಸ್ಪತ್ರೆಯ ವ್ಯಾನು ಬಂತು. ಅತ್ತೆಯನ್ನು ಗಾಲಿಕುರ್ಚಿಯಲ್ಲಿ ಇಳಿಸಿದರು. ಅವರು ಗೋಣಿ ಹೊದ್ದ ಇಳಿಜಾರನ್ನು ನೋಡಿದರು, ಅದರ ಮೇಲಿದ್ದ ಬೆರಳು, ಊರುಗೋಲು, ಬೆಕ್ಕು, ಬೂಟು, ಕೊನೆಗೆ ಆ ಅಗಲದ ಗುರುತನ್ನೂ ನೋಡಿದರು. "ಕೂತಿದ್ದು ಯಾರು ಅಂತ ಕೇಳಲ್ಲ," ಅಂದರು.

ಒಳಗೆ ಹೋಗಲು ದಾರಿಯಿಲ್ಲ. ಸೊಂಟಕ್ಕೆ ಮೊಳೆ ಹಾಕಿದ್ದಾರೆ, ಎತ್ತಿಕೊಂಡು ಹೋಗುವ ಹಾಗಿಲ್ಲ ಅಂತ ವ್ಯಾನಿನವರು ಹೇಳಿಬಿಟ್ಟರು. ಎದುರಿನ ಕ್ಲಿನಿಕ್ಕಿಗೆ ಮೆಟ್ಟಿಲಿಲ್ಲ, ಸೋಮವಾರದವರೆಗೆ ಅಲ್ಲೇ ಇರಲಿ, ಅಷ್ಟರಲ್ಲಿ ಹಲಗೆಗಿಲಗೆ ಏನಾದರೂ ನೋಡೋಣ ಅಂತ ಡಾಕ್ಟರು ಹೇಳಿದರು. ಹೆಂಡತಿ ನನ್ನ ಕಡೆ ತಿರುಗಿದಳು. ಅವಳ ಕಣ್ಣಲ್ಲಿ ನೀರಿತ್ತು.

"ಒಂದೇ ಕೆಲಸ ಹೇಳಿದ್ದೆ. ನಮ್ಮಮ್ಮ ತನ್ನ ಮನೆ ಮುಂದೆ ಬಂದು, ಕೊಳೆತ ಹಲ್ಲಿನ ಚಿತ್ರದ ಕೆಳಗೆ ಮಲಗಬೇಕಾ?"

ಅಷ್ಟರಲ್ಲಿ ಅತ್ತೆ, "ಆ ಡ್ರಮ್ಮಿನ ಹತ್ತಿರ ಇರುವೆ ಯಾಕೆ ಸಾಲು ಕಟ್ಟಿವೆ?" ಅಂದರು.

ಎಲ್ಲರೂ ನೋಡಿದರು. ಇರುವೆಗಳು ಮೆರವಣಿಗೆ ಹೊರಟಿದ್ದವು. ಹೆಂಡತಿ ಹೋಗಿ ಡ್ರಮ್ಮಿನ ಹಿಂದೆ ಕೈ ಹಾಕಿ, ಪಾಕ ಒಣಗಿ ಅಂಟಿದ್ದ ಪಾತ್ರೆ ಎತ್ತಿದಳು. "ನನ್ನ ಹಾಲಿನ ಪಾತ್ರೆ!" ಅಂದಳು.

ಅತ್ತೆ ಕುರ್ಚಿ ತಳ್ಳಿಸಿಕೊಂಡು ಬಂದು, ಡ್ರಮ್ಮಿನ ತಳದಲ್ಲಿ ಉಳಿದಿದ್ದ ನೀರನ್ನು ಮೂಸಿದರು. "ಹುಳಿ ವಾಸನೆ. ಸಕ್ಕರೆ ಒಡೆದು ಹುದುಗು ಬಂದಿದೆ. ಐದಾರು ದಿನದ್ದು." ನನ್ನ ಮುಖ ನೋಡಿದರು. "ಎಷ್ಟು ಹಾಕಿದಿರಿ ಅಳಿಯಂದಿರೇ?"

"ಏನು?"

"ಎಷ್ಟು?"

"ಕಾಲು ಕಿಲೋ. ಬರೀ ಕಾಲು ಕಿಲೋ!"

ಹಲ್ಲಿನ ಡಾಕ್ಟರು ಎದೆ ಹಿಡಿದುಕೊಂಡರು. "ಅಯ್ಯೋ, ನಾನು ಬಿಟ್ಟಿದ್ದೀರಿ ಅಂದುಕೊಂಡೆ!"

ಮೇಸ್ತ್ರಿ ಮರಳಿನ ಗುಡ್ಡೆಯ ಮೇಲೆ ಕೂತುಬಿಟ್ಟ. "ಐದು ದಿನದಿಂದ ನಾನು ಕಟ್ಟಿದ ಗೋಡೆಗಳನ್ನೆಲ್ಲ ಮುಟ್ಟಿ ಮುಟ್ಟಿ ನೋಡ್ಕೊಂಡು ಬಂದಿದ್ದೀನಿ, ಸ್ವಾಮೀ. ಇಪ್ಪತ್ತಾರು ವರ್ಷದ ಕೈ ಕೆಟ್ಟೋಯ್ತು ಅಂದುಕೊಂಡೆ. ನಿಮಗೆ ಗೊತ್ತಿತ್ತು, ಹೇಳಲಿಲ್ಲ."

"ನನಗೆ ನಿನ್ನೆ ಗೊತ್ತಾಗಿದ್ದು!" ಅಂದೆ ರೋಷದಿಂದ. ನಿನ್ನೆ ಗೊತ್ತಾದವನು ನಿನ್ನೆಯೇ ಯಾಕೆ ಹೇಳಲಿಲ್ಲ ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ವಾಸಿಯಿತ್ತು. ಎಲ್ಲರೂ ನೋಡುತ್ತ ನಿಂತರು, ನನಗೆ ನಾಚಿಕೆಯಾಯಿತು. "ಸೋಮವಾರ ಇಂಜಿನಿಯರಿಗೆ ಗುಟ್ಟಾಗಿ ಹೇಳ್ತೀನಿ ಬಿಡಪ್ಪಾ."

"ಗುಟ್ಟು ಬೇಡ. ನನ್ನ ಮರ್ಯಾದೆ ಬೀದಿಯಲ್ಲಿ ಹೋಗಿದೆ. ಬರೆದು ಕೊಡಿ," ಅಂದ.

ಬರೆದು ಕೊಡುವುದಾ? ಕಾಗದ ಅಂದರೆ ಏನು ಅಂತ ಮುದ್ರಣಾಲಯದವನಿಗೆ ಹೇಳಬೇಕಾ? ಒಂದು ಸಲ ಬರೆದದ್ದು ಮೊಮ್ಮಕ್ಕಳ ಕಾಲದವರೆಗೆ ಉಳಿಯುತ್ತದೆ. ಕೊಡಲ್ಲ ಅಂದೆ. ಬೀದಿಯವರು ಗದ್ದಲ ಎಬ್ಬಿಸಿದರು.

ಅತ್ತೆ ಕೈಯೆತ್ತಿದರು. ಅವರು ಇಷ್ಟು ಹೊತ್ತು ಕಣ್ಣು ಮುಚ್ಚಿ ಏನೋ ಲೆಕ್ಕ ಹಾಕುತ್ತಿದ್ದರು. "ಮೇಸ್ತ್ರೀ, ಸಿಮೆಂಟು ಮೂರು ಚೀಲ ತಾನೇ? ಹೂಂ. ಅಳಿಯಂದಿರೇ, ಕಾಗದ ಬೇಡ. ಇಗೋ, ಈ ಇಳಿಜಾರಿನ ಮೇಲೇ ಒಂದು ಕಡ್ಡಿ ತಗೊಂಡು ಬರೀರಿ. ಇವತ್ತು ಬೀದಿಯವರು ಓದ್ತಾರೆ. ಸೋಮವಾರ ಇಂಜಿನಿಯರು ಓದ್ತಾರೆ. ಆಮೇಲೆ ಹೇಗೂ ಕಿತ್ತು ಹಾಕ್ತಾರಲ್ಲ."

ನಾನು ಆ ಹೆಂಗಸಿನ ಬುದ್ಧಿಗೆ ಮೊದಲ ಸಲ ತಲೆದೂಗಿದೆ. ಎರಡು ದಿನದ ಬರಹ! ಕೆಸರಿನ ಮೇಲಿನ ಸಹಿ! ಉತ್ಸಾಹ ಬಂದು, ಕಡ್ಡಿ ಹಿಡಿದು, ಮಂಡಿಯೂರಿ ಬರೆಯತೊಡಗಿದೆ. ಎರಡು ದಿನಕ್ಕೆ ಕಂಜೂಸುತನ ಯಾಕೆ ಅಂತ ಧಾರಾಳವಾಗಿಯೇ ಬರೆದೆ.

"ದಪ್ಪಗೆ ಬರೀರಿ," ಅಂದರು ಅತ್ತೆ.

ದಪ್ಪಗೆ ಬರೆದೆ.

"ಇನ್ನೂ ಆಳಕ್ಕೆ. ವಯಸ್ಸಾದ ಕಣ್ಣು."

ಆಳಕ್ಕೆ ಬರೆದೆ. 'ಮೇಸ್ತ್ರಿಯ ಕೆಲಸದಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. ಇದಕ್ಕೆ ಸಕ್ಕರೆ ಹಾಕಿದವನು ಈ ಮನೆಯ ಅಳಿಯ. ಅರ್ಧ ಓದಿ ಪೂರ್ತಿ ತಿಳಿದವನ ಹಾಗೆ ನಡೆದುಕೊಂಡ ಶತಮೂರ್ಖ ನಾನೇ.' ಕೆಳಗೆ ಸಹಿ, ತಾರೀಕು. ಬೀದಿಯವರು ಚಪ್ಪಾಳೆ ತಟ್ಟಿದರು. ಮೇಸ್ತ್ರಿ ಎರಡು ಸಲ ಓದಿ, ಮುಖ ಒರೆಸಿಕೊಂಡು, ಗೋಣಿಯನ್ನು ಅಕ್ಷರಗಳಿಗೆ ತಾಗದ ಹಾಗೆ ಕಡ್ಡಿಗಳ ಮೇಲೆ ಮೆತ್ತಗೆ ಹೊದಿಸಿದ.

ಭಾನುವಾರ ಯಾರೂ ಅದನ್ನು ಮುಟ್ಟದ ಹಾಗೆ ಅತ್ತೆ ಕ್ಲಿನಿಕ್ಕಿನ ಬಾಗಿಲಲ್ಲಿ ಕೂತು ಕಾದರು. ನನಗೂ ಮುಟ್ಟಲು ಬಿಡಲಿಲ್ಲ. ನಾನು ಅದನ್ನು ಪ್ರೀತಿ ಅಂದುಕೊಂಡೆ.

ಸೋಮವಾರ ಇಂಜಿನಿಯರು ಬಂದು, ಬರೆದಿದ್ದನ್ನು ಗಟ್ಟಿಯಾಗಿ ಓದಿ, ಟಿಪ್ಪಣಿ ಹೊಡೆದು ಹಾಕಿ, ಮೇಸ್ತ್ರಿಯ ಪರವಾನಗಿ ಉಳಿಸಿದರು. "ಸರಿ, ಈಗ ಕಿತ್ತು ಹಾಕು," ಅಂದರು. ನಾನೇ ಎಲ್ಲರಿಗಿಂತ ಮೊದಲು ಹಾರೆ ತಂದು ಕೊಟ್ಟೆ.

ಮೇಸ್ತ್ರಿ ಹಾರೆ ಎತ್ತಿ ಹೊಡೆದ. ಟಣ್!

ಹಾರೆ ಪುಟಿದು ಬಂತು. ಇನ್ನೊಂದು ಸಲ ಹೊಡೆದ. ಟಣ್! ಒಂದು ಚೂರೂ ಏಳಲಿಲ್ಲ. ಇಂಜಿನಿಯರು ಹೆದರಿ ಹೆದರಿ ಬೂಟಿಟ್ಟರು. ಬೂಟು ಮೇಲೆಯೇ ನಿಂತಿತು.

"ಇದೇನಿದು!" ಅಂತ ಕಿರುಚಿದೆ. "ಸಕ್ಕರೆ ಹಾಕಿದರೆ ಗಟ್ಟಿಯಾಗಲ್ಲ ಅಂತ ವಿಶ್ವಕೋಶದಲ್ಲೇ ಇದೆ!"

"ಜಾಸ್ತಿ ಹಾಕಿದರೆ ಆಗಲ್ಲ," ಅಂದರು ಅತ್ತೆ, ಬೀದಿಯ ಆ ಕಡೆಯಿಂದ. "ನೀವು ಹಾಕಿದ್ದು ಸಾವಿರಕ್ಕೆ ಎರಡು ಭಾಗವೂ ಇಲ್ಲ. ಅಷ್ಟಕ್ಕೆ ಸಿಮೆಂಟು ನಿದ್ದೆ ಮಾಡುತ್ತೆ, ಸಾಯಲ್ಲ. ಎದ್ದ ಮೇಲೆ ಮೊದಲಿಗಿಂತ ಗಟ್ಟಿ. ಕಾರ್ಖಾನೆಯಲ್ಲಿ ಎಷ್ಟು ಸಲ ನೋಡಿದ್ದೀನಿ. ಇವತ್ತು ನಾಳೆ ಏಳುತ್ತೆ ಅಂತ ಶನಿವಾರವೇ ಲೆಕ್ಕ ಹಾಕಿದ್ದೆ."

"ಮತ್ತೆ ಬರೀರಿ ಅಂದಿರಲ್ಲ!"

"ಅದಕ್ಕೇ ಬರೀರಿ ಅಂದದ್ದು."

ನಾನು ಉಳಿ ಸುತ್ತಿಗೆ ತರಲು ಓಡಿದೆ. ಇಂಜಿನಿಯರು ತಡೆದರು. "ಮುಟ್ಟಬೇಡಿ. ಇದು ಈಗ ವಿಚಾರಣೆಯ ಲಿಖಿತ ಸಾಕ್ಷ್ಯ. ಕಡತ ಮುಗಿಯೋವರೆಗೆ ಅಳಿಸೋ ಹಾಗಿಲ್ಲ." ನಮ್ಮ ಪುರಸಭೆಯ ಕಡತ ಯಾವತ್ತು ಮುಗಿದಿದೆ?

ಕಚೇರಿಗೆ ಹೋಗಿ ನನ್ನ ಡ್ರಾಯರು ತಡಕಿದೆ. ಇನ್ನೂರ ಹದಿನಾರನೇ ಪುಟ, ನನ್ನದೇ ಪುಟ, ಮೇಲಿನ ಸಾಲು: 'ಪ್ರಮಾಣ ಕಡಿಮೆಯಿದ್ದರೆ ಕೆಲವು ದಿನ ತಡವಾಗಿ, ಮೊದಲಿಗಿಂತ ಗಟ್ಟಿಯಾಗುತ್ತದೆ.' ಅದನ್ನೂ ನಾನು ಓದಿ ಸಹಿ ಹಾಕಿದ್ದೆ. ಕಲ್ಲುಸಕ್ಕರೆಯ ವಿಷಯ ಅಂದುಕೊಂಡಿದ್ದೆ. ಬೋಳುತಲೆಯವನು ಫ್ಯಾನಿನ ಕೆಳಗೆ ತಣ್ಣಗೆ ಕೂತು ನಗುತ್ತಿದ್ದ.

ಈಗ ಮೇಸ್ತ್ರಿ ಹೊಸ ಗಿರಾಕಿಗಳನ್ನು ನೇರ ನಮ್ಮ ಮನೆ ಮುಂದೆ ಕರೆತರುತ್ತಾನೆ. "ಓದಿ," ಅನ್ನುತ್ತಾನೆ, ಅಷ್ಟೇ. ಕ್ಲಿನಿಕ್ಕಿನ ನೆಲವೂ ಅವನೇ ಹಾಕಿದ. ಡಾಕ್ಟರು ತಮ್ಮ ರೋಗಿಗಳನ್ನು ಕಿಟಕಿಯ ಬಳಿ ನಿಲ್ಲಿಸಿ, ಸಕ್ಕರೆಯಿಂದ ಏನೇನಾಗುತ್ತದೆ ಅಂತ ನನ್ನ ಅಕ್ಷರ ತೋರಿಸುತ್ತಾರೆ. ನಾನು ಒಂದು ದಪ್ಪ ಚಾಪೆ ತಂದು ಹಾಸಿದೆ. ಗಾಲಿ ಸಿಕ್ಕಿಕೊಳ್ಳುತ್ತದೆ ಅಂತ ಹೆಂಡತಿ ತೆಗೆದು ಬಿಸಾಕಿದಳು.

ಮೊದಲ ದಿನ ಅತ್ತೆಯನ್ನು ಆ ಇಳಿಜಾರಿನ ಮೇಲೆ ತಳ್ಳಿಕೊಂಡು ಹೋದವನು ನಾನೇ. ಅಕ್ಷರಗಳ ಮೇಲೆ ಗಾಲಿ ಕಟಕಟ ಅನ್ನುತ್ತಿತ್ತು. ನನ್ನ ಸಹಿಯ ಹತ್ತಿರ ಬಂದಾಗ ಅವರು ಕುರ್ಚಿ ನಿಲ್ಲಿಸಲು ಹೇಳಿ, ಬಗ್ಗಿ, ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದರು.

"ಅಳಿಯಂದಿರೇ," ಅಂದರು, "ನೀವು ಪೂರ್ತಿ ಮುಗಿಸಿದ ಪುಟ ಇದೊಂದೇ. ಚೆನ್ನಾಗಿ ಬಂದಿದೆ. ತಳ್ಳಿ."

ನಾನು ತಳ್ಳಿದೆ.